ಎಂಜಿನ್ ಬಿಚ್ಚುವ ಮೊದಲು ಚಕ್ರ ತಿರುಗಿಸಿ ನೋಡಿ

ಪ್ರಶ್ನೆ: ನಾನು ಅಂಕೋಲಾದವನು, ಕೆಲಸ ಕಾರವಾರದಲ್ಲಿ. ದಿನವೂ ಹೋಗಿಬರುವುದು ಬೈಕಿನಲ್ಲೇ. 2021ರಲ್ಲಿ ಕೊಂಡ ಸ್ಪ್ಲೆಂಡರ್ ಪ್ಲಸ್, 48 ಸಾವಿರ ಕಿಲೋಮೀಟರ್ ಓಡಿದೆ. ಮೊದಲೆರಡು ವರ್ಷ ಲೀಟರಿಗೆ 65ರಿಂದ 68 ಕೊಡುತ್ತಿತ್ತು. ಈ ಮಳೆಗಾಲದಲ್ಲಿ 52–54ಕ್ಕೆ ಇಳಿದಿದೆ. ಎಂಜಿನ್ ಸವೆದಿದೆ, ಬೋರ್ ಮಾಡಿಸಿ ಎನ್ನುತ್ತಾರೆ ಗ್ಯಾರೇಜಿನವರು. ಎಥೆನಾಲ್ ಬೆರೆಸಿದ ಪೆಟ್ರೋಲಿನದ್ದೇ ತಪ್ಪು, ಗೋವಾ ಗಡಿಯಲ್ಲಿ ತುಂಬಿಸು ಎನ್ನುತ್ತಾರೆ ಗೆಳೆಯರು. ಇದನ್ನು ಕೊಟ್ಟು 125 ಸಿಸಿಯ ಹೊಸದನ್ನು ತರೋಣ ಎಂಬ ಮಾತು ಮನೆಯಲ್ಲಿ ನಡೆದಿದೆ. ತಿಂಗಳಿಗೆ ಒಂದೆರಡು ಸಲ ಹೆಂಡತಿಯನ್ನು ಕೂರಿಸಿಕೊಂಡು ದೇವಿಮನೆ ಘಟ್ಟ ಹತ್ತಿ ಶಿರಸಿ ಕಡೆಯ ಮಾವನ ಮನೆಗೂ ಹೋಗುತ್ತೇನೆ. ಏನು ಮಾಡಲಿ?

ಉತ್ತರ: ಬೋರ್ ಮಾಡಿಸುವ, ಅಂದರೆ ಸವೆದ ಸಿಲಿಂಡರನ್ನು ಕೊರೆದು ದೊಡ್ಡ ಪಿಸ್ಟನ್ ಹಾಕಿಸುವ ಮಾತನ್ನು ಸದ್ಯಕ್ಕೆ ಬದಿಗಿಡಿ. ಆಯಿಲ್ ಬದಲಿಸುತ್ತ ಬಂದ ಸ್ಪ್ಲೆಂಡರ್ ಎಂಜಿನ್ 48 ಸಾವಿರ ಕಿಲೋಮೀಟರಿಗೆ ಬೋರ್ ಕೇಳುವುದು ಅಪರೂಪ. ಪಿಸ್ಟನ್ ರಿಂಗ್ ಸವೆದ ಗಾಡಿ ಅದನ್ನು ಮುಚ್ಚಿಡುವುದಿಲ್ಲ. ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತದೆ, ಸರ್ವೀಸಿನಿಂದ ಸರ್ವೀಸಿಗೆ ಆಯಿಲ್ ಕಡಿಮೆಯಾಗುತ್ತದೆ, ಏರಿನಲ್ಲಿ ಎಳೆತ ಸೋಲುತ್ತದೆ. ನಿಮ್ಮ ಪತ್ರದಲ್ಲಿ ಇವು ಯಾವುದರ ಸುದ್ದಿಯೂ ಇಲ್ಲ. ಇರುವುದು ಮೈಲೇಜಿನ ದೂರೊಂದೇ, ಅದೂ ಮಳೆಗಾಲದಲ್ಲಿ, ಅದೂ ಕರಾವಳಿಯಲ್ಲಿ. ಹಾಗಿದ್ದಾಗ ನಾನು ಮೊದಲು ಕೈಯಿಡುವುದು ಚಕ್ರಕ್ಕೆ. ಎಂಜಿನ್ನಿನ ಸರದಿ ಕೊನೆಯದು.

ಈ ಎಂಜಿನ್ನಿನ ಮೇಲೆ ನನಗಿರುವ ನಂಬಿಕೆಗೆ ಕಾರಣವಿದೆ. 1984ರಲ್ಲಿ ಹೀರೋ ಮತ್ತು ಜಪಾನಿನ ಹೋಂಡಾ ಸೇರಿ ಕಟ್ಟಿದ ಕಂಪನಿ 1985ರಲ್ಲಿ ಸಿಡಿ 100 ಎಂಬ ಬೈಕ್ ತಂದಿತು. ಅದೇ ಬಗೆಯ ಎಂಜಿನ್ ಹೊತ್ತ ಸ್ಪ್ಲೆಂಡರ್ ಬಂದದ್ದು 1994ರಲ್ಲಿ. ಸಿಲಿಂಡರಿನ ಅಗಲ (ಬೋರ್) 50 ಮಿಲಿಮೀಟರ್, ಪಿಸ್ಟನ್ ಓಡಾಡುವ ದೂರ (ಸ್ಟ್ರೋಕ್) 49.5 ಮಿಲಿಮೀಟರ್, ಒಟ್ಟು 97.2 ಸಿಸಿ, ಇಂದಿಗೂ ಅಳತೆ ಅದೇ. ಎರಡು ಕಂಪನಿಗಳು ಬೇರೆಯಾದವು, 2011ರಲ್ಲಿ ಹೆಸರು ಹೀರೋ ಮೋಟೋಕಾರ್ಪ್ ಆಯಿತು, 2020ರಲ್ಲಿ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಬಂದು ಕಾರ್ಬುರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಕೂತಿತು. ಒಳಗಿನ ಪಿಸ್ಟನ್ನಿನ ಗಾತ್ರ ಮಾತ್ರ ಬದಲಾಗಲಿಲ್ಲ. ಗರಿಷ್ಠ ಶಕ್ತಿ ಎಂಟು ಪಿಎಸ್ (ಅಶ್ವಶಕ್ತಿಯ ಒಂದು ಅಳತೆ) ಆಸುಪಾಸು. ಇಷ್ಟು ಗಾತ್ರದ ಎಂಜಿನ್ನಿನಿಂದ ಇಷ್ಟೇ ಕೆಲಸ ಕೇಳಿದರೆ ಅದು ಬಹುಕಾಲ ಬಾಳುತ್ತದೆ. ಸಿದ್ದಾಪುರದ ತೋಟದ ಮನೆಗಳಲ್ಲಿ, ಜೋಯಿಡಾದ ಕಾಡಿನ ಅಂಚಿನ ಊರುಗಳಲ್ಲಿ ಕಾರ್ಬುರೇಟರ್ ಕಾಲದ ಸ್ಪ್ಲೆಂಡರುಗಳು ಗ್ಯಾಸ್ ಸಿಲಿಂಡರ್, ಹಾಲಿನ ಕ್ಯಾನು, ಅಡಿಕೆ ಮೂಟೆ ಹೊತ್ತು ಇನ್ನೂ ಓಡುತ್ತಿವೆ. ಅವುಗಳ ಬಣ್ಣ ಹೋಗಿದೆ, ಸೈಲೆನ್ಸರ್ ತಳ ತುಕ್ಕು ಹಿಡಿದು ಕಳಚಿದೆ. ಎಂಜಿನ್ ಇದೆ.

ಇನ್ನು ನಿಮ್ಮ 52–54. ಈ ಅಂಕಿ ಬಂದದ್ದು ಹೇಗೆ ಎಂದು ನೀವು ಬರೆದಿಲ್ಲ. ನಮ್ಮಲ್ಲಿ ಹೆಚ್ಚಿನವರ ಲೆಕ್ಕ ಇನ್ನೂರು ರೂಪಾಯಿ ಪೆಟ್ರೋಲ್ ಹಾಕಿಸಿ, ಮುಳ್ಳು ಮತ್ತೆ ಅದೇ ಗೆರೆಗೆ ಬಂದಾಗ ಎಷ್ಟು ಓಡಿತು ಎಂದು ನೋಡುವುದು. ಸ್ಪ್ಲೆಂಡರಿನ ಮುಳ್ಳು ಗಾಡಿ ಓರೆಯಾದರೆ ಒಂದು ಹೇಳುತ್ತದೆ, ನೇರ ನಿಂತರೆ ಇನ್ನೊಂದು. ಎರಡು ಲೀಟರಿನ ಲೆಕ್ಕದಲ್ಲಿ 200 ಮಿಲಿಲೀಟರ್ ಆಚೀಚೆಯಾದರೆ ಹತ್ತು ಪರ್ಸೆಂಟ್ ತಪ್ಪು. ನಿಜವಾದ 60 ನಿಮಗೆ 54 ಆಗಿಯೂ ಕಾಣಬಹುದು, 66 ಆಗಿಯೂ ಕಾಣಬಹುದು. ಸರಿಯಾದ ದಾರಿ ಹೀಗೆ: ಒಂದೇ ಬಂಕಿನಲ್ಲಿ ಗಾಡಿಯನ್ನು ಡಬಲ್ ಸ್ಟ್ಯಾಂಡಿಗೆ ಹಾಕಿಸಿ, ಪಂಪಿನ ನಳಿಗೆ ತಾನೇ ನಿಲ್ಲುವವರೆಗೆ ತುಂಬಿಸಿ, ಕಿಲೋಮೀಟರ್ ಬರೆದಿಟ್ಟುಕೊಳ್ಳಿ. ಏಳೆಂಟು ಲೀಟರ್ ಖರ್ಚಾಗುವವರೆಗೆ ಓಡಿಸಿ ಅದೇ ಬಂಕಿನಲ್ಲಿ ಅದೇ ರೀತಿ ತುಂಬಿಸಿ. ಓಡಿದ ದೂರವನ್ನು ಎರಡನೇ ಸಲ ತುಂಬಿಸಿದ ಲೀಟರಿನಿಂದ ಭಾಗಿಸಿ. 9.8 ಲೀಟರಿನ ಟ್ಯಾಂಕಿನಲ್ಲಿ ಆಗ ತಪ್ಪು ಎರಡು ಮೂರು ಪರ್ಸೆಂಟ್ ದಾಟುವುದಿಲ್ಲ. ಶಿರಸಿಗೆ ಹೋದ ವಾರವನ್ನು ಈ ಲೆಕ್ಕಕ್ಕೆ ಸೇರಿಸಬೇಡಿ, ಅದರ ಗಣಿತವೇ ಬೇರೆ, ಮುಂದೆ ಹೇಳುತ್ತೇನೆ. ಕಂಪನಿ ಹೇಳುವ ಎಪ್ಪತ್ತರ ಮೇಲಿನ ಅಂಕಿಯನ್ನಂತೂ ಮರೆತುಬಿಡಿ. ಅದು ಪ್ರಯೋಗಾಲಯದಲ್ಲಿ ರೋಲರ್ ಮೇಲೆ ನಿಲ್ಲಿಸಿ ಓಡಿಸಿ ಪಡೆದ ಅಂಕಿ. ಅಲ್ಲಿ ಬಿಣಗಾದ ಏರಿಲ್ಲ, ಪಡುವಣ ಗಾಳಿಯಿಲ್ಲ, ರೇನ್‌ಕೋಟೂ ಇಲ್ಲ.

ಲೆಕ್ಕ ಸರಿಮಾಡಿದ ಮೇಲೂ ಮೈಲೇಜ್ 55ರ ಕೆಳಗಿದ್ದರೆ ಗಾಡಿಯನ್ನು ಡಬಲ್ ಸ್ಟ್ಯಾಂಡಿಗೆ ಹಾಕಿ, ನ್ಯೂಟ್ರಲ್ ಮಾಡಿ, ಹಿಂದಿನ ಚಕ್ರವನ್ನು ಕೈಯಿಂದ ಜೋರಾಗಿ ತಿರುಗಿಸಿ ಬಿಡಿ. ಚೈನಿನ ಎಳೆತವಿರುವುದರಿಂದ ಅದು ಸೈಕಲ್ ಚಕ್ರದ ಹಾಗೆ ತಿರುಗುತ್ತಲೇ ಇರುವುದಿಲ್ಲ, ಆದರೂ ಒಂದೆರಡು ಸುತ್ತು ಸಲೀಸಾಗಿ ಬರಬೇಕು. ಅರ್ಧ ಸುತ್ತಿಗೇ ‘ಸರ್’ ಎಂದು ನಿಂತರೆ ನಿಮ್ಮ ಪೆಟ್ರೋಲ್ ಎಲ್ಲಿ ಹೋಗುತ್ತಿದೆ ಎಂಬುದಕ್ಕೆ ಉತ್ತರ ಅಲ್ಲೇ ಸಿಕ್ಕಿತು. ಮುಂದಿನ ಚಕ್ರವನ್ನೂ ಹೀಗೆಯೇ ನೋಡಿ. ಸುಲಭದ ಇನ್ನೊಂದು ಪರೀಕ್ಷೆಯಿದೆ. ಖಾಲಿ ರಸ್ತೆಯಲ್ಲಿ ಕೆಲವು ಕಿಲೋಮೀಟರ್ ಆದಷ್ಟು ಬ್ರೇಕ್ ಮುಟ್ಟದೆ ಓಡಿಸಿ, ಗಾಡಿ ತಾನಾಗಿ ನಿಧಾನವಾಗಿ ನಿಲ್ಲಲು ಬಿಟ್ಟು, ಇಳಿದು ಒಂದೊಂದೇ ಚಕ್ರದ ನಟ್ಟನಡುವಿನ ಡ್ರಮ್ಮಿನ, ಅಂದರೆ ಬ್ರೇಕ್ ಕೂತಿರುವ ಗುಂಡನೆಯ ಡಬ್ಬಿಯ ಬಳಿ ಕೈ ಹಿಡಿಯಿರಿ. ತಣ್ಣಗಿರಬೇಕು. ಬಿಸಿ ತಾಗಿದರೆ ಬ್ರೇಕ್ ಹಿಡಿದುಕೊಂಡೇ ನೀವು ಇಷ್ಟು ದಿನ ಕಾರವಾರಕ್ಕೆ ಹೋಗುತ್ತಿದ್ದಿರಿ ಎಂದರ್ಥ.

ಇದು ಕರಾವಳಿಯ ರೋಗ. ಡ್ರಮ್ ಬ್ರೇಕಿನ ತಟ್ಟೆಯ ಮೂಲಕ ಒಂದು ಸಣ್ಣ ಉಕ್ಕಿನ ಕಡ್ಡಿ ಒಳಗೆ ಹೋಗುತ್ತದೆ, ಮೆಕ್ಯಾನಿಕ್‌ಗಳು ಕ್ಯಾಮ್ ಎನ್ನುತ್ತಾರೆ. ಪೆಡಲ್ ಒತ್ತಿದಾಗ ಅದು ತಿರುಗಿ, ಡ್ರಮ್ಮಿಗೆ ಉಜ್ಜಿ ಚಕ್ರ ನಿಲ್ಲಿಸುವ ಎರಡು ಬ್ರೇಕ್ ಶೂಗಳನ್ನು ಅಗಲಿಸುತ್ತದೆ. ಕಾಲು ತೆಗೆದಾಗ ಸ್ಪ್ರಿಂಗ್ ಅದನ್ನು ಹಿಂದಕ್ಕೆ ತರಬೇಕು. ಆ ಕಡ್ಡಿ ಕೂರುವ ತೂತಿಗೆ ಕೆಂಪು ಮಣ್ಣಿನ ರಾಡಿ ಮತ್ತು ಉಪ್ಪುನೀರು ಸೇರಿದರೆ ಒಂದೇ ಮಳೆಗಾಲದಲ್ಲಿ ತುಕ್ಕು ಕಟ್ಟಿ ಕ್ಯಾಮ್ ಬಿಗಿಯಾಗುತ್ತದೆ. ಒತ್ತಿದಾಗ ತಿರುಗುತ್ತದೆ, ಏಕೆಂದರೆ ಒತ್ತುವುದು ನಿಮ್ಮ ಕಾಲಿನ ಬಲ. ಬಿಟ್ಟಾಗ ಪೂರ್ತಿ ಹಿಂದೆ ಬರುವುದಿಲ್ಲ, ಏಕೆಂದರೆ ಎಳೆಯುವುದು ಬಡಪಾಯಿ ಸ್ಪ್ರಿಂಗ್. ಶೂ ಡ್ರಮ್ಮನ್ನು ಸವರುತ್ತಲೇ ಇರುತ್ತದೆ. ಬ್ರೇಕ್ ಚೆನ್ನಾಗಿಯೇ ಹಿಡಿಯುವುದರಿಂದ ಸವಾರನಿಗೆ ಅನುಮಾನವೇ ಬರುವುದಿಲ್ಲ. ಗಾಡಿ ಯಾಕೋ ಭಾರವಾಗಿದೆ ಎನ್ನಿಸುತ್ತದೆ, ಅಷ್ಟೆ.

ಉಪ್ಪುನೀರು ಬರುವುದು ಸಮುದ್ರದಿಂದ ಮಾತ್ರ ಎಂದುಕೊಳ್ಳಬೇಡಿ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮೀನಿನ ಲಾರಿಯ ಹಿಂದೆ ಹೋಗಿ ಅಭ್ಯಾಸವಿರುವವರಿಗೆ ಗೊತ್ತು. ಮಂಜುಗಡ್ಡೆ ಕರಗಿದ ಆ ನೀರು ಮುಖಕ್ಕೆ ಹಾರಿದರೆ ಒರೆಸಿಕೊಳ್ಳುತ್ತೇವೆ. ಚಕ್ರದ ನಡುವಿನ ಹಬ್ಬಿಗೆ, ಚೈನಿಗೆ, ಬ್ರೇಕ್ ತಟ್ಟೆಗೆ ಹಾರಿದ್ದನ್ನು ಯಾರೂ ಒರೆಸುವುದಿಲ್ಲ. ಅಂಥ ಲಾರಿಯ ಹಿಂದೆ ಹೋಗದಿರಲು ಇದಕ್ಕಿಂತ ದೊಡ್ಡ ಕಾರಣ ಬೇರೆಯೇ ಇದೆ, ಆ ನೀರು ಬಿದ್ದ ರಸ್ತೆ ಜಾರುತ್ತದೆ.

ನಿಮ್ಮ ಗಾಡಿಯಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರಿಕೊಂಡಿದೆ. 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಬೈಕುಗಳಲ್ಲಿ ಹಿಂದಿನ ಪೆಡಲ್ ಒತ್ತಿದರೆ ಮುಂದಿನ ಬ್ರೇಕೂ ಸ್ವಲ್ಪ ಹಿಡಿಯುವ ವ್ಯವಸ್ಥೆ ಕಡ್ಡಾಯವಾಯಿತು. ಸುರಕ್ಷತೆಗೆ ಒಳ್ಳೆಯದೇ. ಆದರೆ ಪೆಡಲ್‌ನಿಂದ ಮುಂದಿನ ಚಕ್ರಕ್ಕೆ ಒಂದು ಕೇಬಲ್ ಹೆಚ್ಚಿಗೆ ಹೋಗುತ್ತದೆ. ಅದು ಕವಚದೊಳಗೆ ತುಕ್ಕು ಹಿಡಿದು ಸಿಕ್ಕಿಕೊಂಡರೆ, ಅಥವಾ ಅದನ್ನು ಅಡ್ಜಸ್ಟ್ ಮಾಡುವವರು ಬಿಗಿ ಮಾಡಿಬಿಟ್ಟರೆ, ಮುಂದಿನ ಚಕ್ರವೂ ಸವರತೊಡಗುತ್ತದೆ. ಹಳೆಯ ಸ್ಪ್ಲೆಂಡರಿನ ಕೈಪಳಗಿದ ಮೆಕ್ಯಾನಿಕ್ ಕೂಡ ಈ ಕೇಬಲನ್ನು ಮರೆತುಬಿಡುವುದುಂಟು. ನೀವೇ ನೆನಪಿಸಿ.

ಮಾಡಿಸಬೇಕಾದದ್ದು ಇಷ್ಟು: ಎರಡೂ ಚಕ್ರ ಬಿಚ್ಚಿಸಿ, ಕ್ಯಾಮನ್ನು ತಟ್ಟೆಯಿಂದ ಪೂರ್ತಿ ಹೊರಗೆ ತೆಗೆಸಿ, ನಯವಾದ ಉಪ್ಪುಕಾಗದದಿಂದ ತುಕ್ಕು ತೆಗೆದು, ಬಿಸಿಗೆ ಕರಗದ ಗ್ರೀಸನ್ನು ತೆಳ್ಳಗೆ ಸವರಿ ಕೂರಿಸಬೇಕು. ತೆಳ್ಳಗೆ ಎಂದದ್ದು ಸುಮ್ಮನೆ ಅಲ್ಲ. ಹೆಚ್ಚಾದ ಗ್ರೀಸ್ ಶೂಗೆ ಇಳಿದರೆ ಬ್ರೇಕೇ ಹೋಯಿತು. ಚಕ್ರ ಬಿಚ್ಚಿದ್ದಾಗಲೇ ಬೇರಿಂಗಿಗೆ ಬೆರಳು ಹಾಕಿ ತಿರುಗಿಸಿ ನೋಡಲಿ. ಕಿರಕಿರ ಎಂದರೆ ಬದಲಿಸಲಿ, ಬಹಳ ದುಬಾರಿಯ ಸಾಮಾನಲ್ಲ. ಪೆಡಲಿನ ಆಟ, ಅಂದರೆ ಬ್ರೇಕ್ ಹಿಡಿಯುವ ಮೊದಲು ಪೆಡಲ್ ಸುಮ್ಮನೆ ಇಳಿಯುವ ದೂರ, ಎರಡು ಮೂರು ಸೆಂಟಿಮೀಟರ್ ಇರಲಿ. ಪೆಡಲ್ ಮುಟ್ಟಿದ ಕೂಡಲೇ ಹಿಡಿಯಬೇಕು ಎಂದು ಕೆಲವರು ನಟ್ಟನ್ನು ಕೊನೆಯವರೆಗೆ ಬಿಗಿಸಿಕೊಳ್ಳುತ್ತಾರೆ. ಅಂಥವರೇ ಮರುವಾರ ಮೈಲೇಜ್ ಇಲ್ಲ ಎಂದು ಬರುತ್ತಾರೆ. ಕ್ಲಚ್ ಕೇಬಲ್ಲಿಗೂ ಇದೇ ಮಾತು. ಲಿವರಿನ ತುದಿಯಲ್ಲಿ ಒಂದೆರಡು ಸೆಂಟಿಮೀಟರ್ ಆಟವಿಲ್ಲದಿದ್ದರೆ ಕ್ಲಚ್ ಜಾರುತ್ತದೆ, ಎಂಜಿನ್ ಕೂಗುತ್ತದೆ, ಗಾಡಿ ಹೋಗುವುದಿಲ್ಲ.

ಚೈನಿನ ವಿಷಯ. ಸ್ಪ್ಲೆಂಡರಿನ ಚೈನು ಪೂರ್ತಿ ಮುಚ್ಚಿದ ಕವರಿನೊಳಗಿರುವುದು ನಮ್ಮ ಮಳೆಗೆ ಹೇಳಿ ಮಾಡಿಸಿದಂತಿದೆ. ತೊಂದರೆಯೆಂದರೆ ಕಣ್ಣಿಗೆ ಬೀಳದ್ದು ನೆನಪಿಗೂ ಬರುವುದಿಲ್ಲ. ಕವರಿನಲ್ಲಿರುವ ರಬ್ಬರ್ ಮುಚ್ಚಳ ತೆಗೆದು ಬೆರಳಿನಿಂದ ಮೇಲೆ ಕೆಳಗೆ ಆಡಿಸಿ ನೋಡಿ. ಎರಡರಿಂದ ಮೂರು ಸೆಂಟಿಮೀಟರ್ ಅಲುಗಬೇಕು. ಬಿಗಿಯಾಗಿದ್ದರೆ ಇಬ್ಬರು ಕೂತಾಗ ಇನ್ನೂ ಬಿಗಿಯಾಗಿ ಗೇರ್‌ಬಾಕ್ಸಿನ ಬೇರಿಂಗನ್ನೇ ಎಳೆಯುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, 90 ನಂಬರಿನ ಗೇರ್ ಆಯಿಲ್ ಹಾಕಿಸಿ. ಗ್ಯಾರೇಜಿನ ಮೂಲೆಯ ಡಬ್ಬದಲ್ಲಿರುವ ಸುಟ್ಟ ಎಂಜಿನ್ ಆಯಿಲ್ ಬೇಡ. ಅದರಲ್ಲಿರುವ ಲೋಹದ ಪುಡಿ ಚೈನನ್ನು ಅರೆಯುತ್ತದೆ. ಮಳೆಗಾಲಕ್ಕೆ ಮೊದಲು ಇಡೀ ಗಾಡಿಗೆ ಡೀಸೆಲ್ ಸಿಂಪಡಿಸುವ ಪದ್ಧತಿಯೂ ನಮ್ಮಲ್ಲಿದೆ. ತುಕ್ಕು ತಡೆಯುತ್ತದೆ ನಿಜ. ರಬ್ಬರನ್ನು ಉಬ್ಬಿಸುತ್ತದೆ, ಡ್ರಮ್ಮಿನೊಳಗೆ ಹೋದರೆ ಬ್ರೇಕ್ ಕೆಡಿಸುತ್ತದೆ ಎಂಬುದೂ ಅಷ್ಟೇ ನಿಜ. ರಿಮ್ಮಿಗೆ, ಹ್ಯಾಂಡಲ್ಲಿಗೆ ಬಟ್ಟೆಯಲ್ಲಿ ತುಸು ತೆಂಗಿನೆಣ್ಣೆ ಸವರಿದರೆ ಸಾಕು. ವಾರಕ್ಕೊಮ್ಮೆ ಬಾವಿಯ ಸಿಹಿನೀರಿನಲ್ಲಿ ಬಕೆಟ್ಟು, ಚೊಂಬು ಇಟ್ಟುಕೊಂಡು ತೊಳೆದರೆ ಇನ್ನೂ ಒಳ್ಳೆಯದು. ವಾಟರ್ ಸರ್ವೀಸಿನವರ ಜೋರು ಪೈಪನ್ನು ಮಾತ್ರ ಹಬ್ಬಿಗೆ ನೇರ ಹಿಡಿಯಲು ಬಿಡಬೇಡಿ. ಒಳಗೆ ಹೋಗಬಾರದ ನೀರನ್ನು ಹಣ ಕೊಟ್ಟು ಒಳಗೆ ಕಳಿಸಿದಂತೆ.

ಟೈರಿನ ಗಾಳಿ ಮುಂದೆ 25, ಹಿಂದೆ ಒಬ್ಬರೇ ಇದ್ದಾಗ 28 ಪೌಂಡ್. ಇಬ್ಬರಿಗೆ ಹಿಂದೆ ಹೆಚ್ಚು ಬೇಕು, ಎಷ್ಟೆಂಬುದು ಗಾಡಿಯ ಜೊತೆ ಬಂದ ಪುಸ್ತಕದಲ್ಲಿದೆ. ಮೈಲೇಜಿನ ಆಸೆಗೆ ಕಲ್ಲಿನಷ್ಟು ಗಟ್ಟಿ ಮಾಡಿಸಿಕೊಂಡು ಜುಲೈ ತಿಂಗಳಲ್ಲಿ ಓಡಾಡುವವರಿಗೆ ನಾನು ಹೇಳುವುದೇನೂ ಇಲ್ಲ.

ಈಗ ವೇಗಕ್ಕೆ ಬರುತ್ತೇನೆ, ಇಲ್ಲಿ ನಿಮಗೆ ಸ್ವಲ್ಪ ಬೇಸರವಾಗಬಹುದು. ಹೆದ್ದಾರಿ ಅಗಲವಾದ ಮೇಲೆ ಅಂಕೋಲಾ–ಕಾರವಾರದ ನಡುವೆ ಎಲ್ಲರ ವೇಗವೂ ಏರಿದೆ. ಹಿಂದೆ ಹಾರವಾಡ, ಅಮದಳ್ಳಿ ದಾಟುವಾಗ ತಿರುವಿಗೊಮ್ಮೆ ನಿಧಾನಿಸುತ್ತಿದ್ದವರು ಈಗ ಎಪ್ಪತ್ತರಲ್ಲಿ ನೇರ ಹೋಗುತ್ತಾರೆ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. 50ರ ವರ್ಗ 2500, 70ರ ವರ್ಗ 4900. ಅಂದರೆ ಐವತ್ತರಲ್ಲಿ ಹೋಗುವಾಗ ಎದೆಗೆ ಬಡಿಯುವ ಗಾಳಿಯ ತಡೆ ಎಪ್ಪತ್ತರಲ್ಲಿ ಹೆಚ್ಚುಕಡಿಮೆ ಇಮ್ಮಡಿ. ಮಳೆಗಾಲದಲ್ಲಿ ಸಮುದ್ರದ ಕಡೆಯಿಂದ ಓರೆಯಾಗಿ ಬೀಸುವ ಗಾಳಿಯನ್ನು ಇದಕ್ಕೆ ಕೂಡಿಸಿ. ಬೆನ್ನ ಹಿಂದೆ ಹಾಯಿಯ ಹಾಗೆ ಉಬ್ಬುವ ರೇನ್‌ಕೋಟನ್ನೂ ಕೂಡಿಸಿ. ಎಂಟು ಪಿಎಸ್‌ನ ಎಂಜಿನ್ ಇದನ್ನೆಲ್ಲ ಎಳೆಯಬೇಕಾದರೆ ಆಕ್ಸಿಲರೇಟರ್ ಹೆಚ್ಚುಕಡಿಮೆ ಕೊನೆಯವರೆಗೆ ತಿರುಗಿರುತ್ತದೆ. ಮೈಕಟ್ಟಿಗೆ ಹೊಂದುವ, ಸೊಂಟದಲ್ಲಿ ಬೇರೆಯಾಗುವ ಕೋಟು ಪ್ಯಾಂಟಿನ ಜೋಡಿ ರೇನ್‌ಕೋಟ್ ತೆಗೆದುಕೊಳ್ಳಿ. ವೇಗವನ್ನು ಐವತ್ತರ ಆಸುಪಾಸಿನಲ್ಲಿಡಿ. ಮೂವತ್ತೈದು ಕಿಲೋಮೀಟರಿನ ದಾರಿಯಲ್ಲಿ ಎಪ್ಪತ್ತಕ್ಕೂ ಐವತ್ತಕ್ಕೂ ಇರುವ ಅಂತರ ಕಾಗದದ ಮೇಲೆ ಹನ್ನೆರಡು ನಿಮಿಷ. ಅದರಲ್ಲಿ ಅರ್ಧವನ್ನು ಊರೊಳಗಿನ ಹಂಪುಗಳು, ದನಗಳು ಹೇಗೂ ಕಿತ್ತುಕೊಳ್ಳುತ್ತವೆ. ಸಿಗ್ನಲ್ಲಿನಲ್ಲಿ ಎಂಜಿನ್ ತಾನೇ ನಿಂತು ತಾನೇ ಶುರುವಾಗುವ ಸೌಲಭ್ಯವನ್ನು ನೆಚ್ಚಬೇಡಿ. ಬೆಂಗಳೂರಿನಲ್ಲಿ ಅದಕ್ಕೆ ಕೆಲಸವಿದೆ, ಸಿಗ್ನಲ್ಲುಗಳೇ ವಿರಳವಾದ ನಿಮ್ಮ ದಾರಿಯಲ್ಲಿ ಇಲ್ಲ.

ಪೆಟ್ರೋಲಿನ ಬಗ್ಗೆ ಗೆಳೆಯರು ಹೇಳಿದ್ದರಲ್ಲಿ ಕಾಲುಭಾಗ ಸತ್ಯವಿದೆ. ಒಂದು ಲೀಟರ್ ಎಥೆನಾಲಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ. 20 ಪರ್ಸೆಂಟ್ ಬೆರೆಸಿದಾಗ ಮೈಲೇಜ್ ತುಸು ಇಳಿಯಲೇಬೇಕು. ಹಳೆಯ ಇಂಧನಕ್ಕೆಂದು ಮಾಡಿದ ದ್ವಿಚಕ್ರ ವಾಹನಗಳಲ್ಲಿ ಈ ಇಳಿತ 3ರಿಂದ 4 ಪರ್ಸೆಂಟ್ ಎಂದು ನೀತಿ ಆಯೋಗ 2021ರಲ್ಲಿ ಹೊರತಂದ ವರದಿಯೇ ಅಂದಾಜು ಮಾಡಿತ್ತು. 66 ಕೊಡುತ್ತಿದ್ದ ಗಾಡಿಗೆ ಅದು ಎರಡೂವರೆ ಕಿಲೋಮೀಟರ್. ನೀವು ಕಳೆದುಕೊಂಡಿರುವುದು ಹನ್ನೆರಡು. ಉಳಿದದ್ದನ್ನು ಎಥೆನಾಲಿನ ತಲೆಗೆ ಕಟ್ಟಿದರೆ ಚಕ್ರದ ತುಕ್ಕು ಅಲ್ಲೇ ಉಳಿಯುತ್ತದೆ.

ಎಥೆನಾಲಿನಲ್ಲಿ ನನಗೆ ನಿಜಕ್ಕೂ ಭಯವಿರುವುದು ನೀರಿನ ವಿಷಯಕ್ಕೆ. ಅದು ತೇವವನ್ನು ಎಳೆದುಕೊಳ್ಳುತ್ತದೆ. ಹಿಂದೆ ಟ್ಯಾಂಕಿಗೆ ಎರಡು ಹನಿ ನೀರು ಬಿದ್ದರೆ ಪೆಟ್ರೋಲಿನ ತಳದಲ್ಲಿ ಗುಳ್ಳೆಯಾಗಿ ಕೂರುತ್ತಿತ್ತು, ಕಾರ್ಬುರೇಟರಿನ ತಳದ ಸ್ಕ್ರೂ ಬಿಚ್ಚಿ ಇಳಿಸಿದರೆ ಮುಗಿಯಿತು. ಈಗ ಸ್ವಲ್ಪ ನೀರು ಕಾಣದಂತೆ ಬೆರೆತುಹೋಗುತ್ತದೆ. ಮಿತಿ ಮೀರಿದಾಗ ಎಥೆನಾಲೂ ನೀರೂ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಪಂಪು ಎಳೆಯುವುದು ತಳದಿಂದಲೇ. ಬೆಳಿಗ್ಗೆ ಗಾಡಿ ಶುರುವಾಗಿ ನೂರು ಮೀಟರಿಗೆ ಸತ್ತುಹೋಗುತ್ತದೆ. ಟ್ಯಾಂಕಿನ ಮುಚ್ಚಳದ ಸುತ್ತಲಿನ ತಗ್ಗಿನಲ್ಲಿ ಮಳೆನೀರು ಹರಿದುಹೋಗಲು ಒಂದು ಸಣ್ಣ ತೂತಿರುತ್ತದೆ. ಎಲೆಚೂರು, ಮಣ್ಣು ಸೇರಿ ಅದು ಕಟ್ಟಿಕೊಂಡರೆ ನೀರು ಅಲ್ಲೇ ನಿಂತು, ಮುಚ್ಚಳ ತೆಗೆದ ಕೂಡಲೇ ಒಳಗೆ ಸುರಿಯುತ್ತದೆ. ಸೈಕಲ್ ಬ್ರೇಕಿನ ತಂತಿಯ ಎಳೆಯೊಂದರಿಂದ ಅದನ್ನು ಚುಚ್ಚಿ ಬಿಡಿಸಿ. ಮೈಲೇಜ್ ಅಳೆಯುವ ದಿನಗಳನ್ನು ಬಿಟ್ಟರೆ ಮಳೆಗಾಲದಲ್ಲಿ ಟ್ಯಾಂಕ್ ಅರ್ಧದ ಮೇಲೆಯೇ ಇರಲಿ, ಖಾಲಿ ಜಾಗ ಕಡಿಮೆಯಾದಷ್ಟೂ ಒಳಗಿನ ಬೆವರು ಕಡಿಮೆ. ಹೆಂಚಿನ ಮಾಡಿನ ಹನಿ ಬೀಳುವಲ್ಲಿ ವಾರಗಟ್ಟಲೆ ಗಾಡಿ ನಿಲ್ಲಿಸಬೇಡಿ.

ಗೋವಾ ಪೆಟ್ರೋಲ್ ಎಂಬ ಆಸೆ ಕಾರವಾರದವರೆಲ್ಲರಿಗೂ ಇದೆ. ಅಲ್ಲಿ ತೆರಿಗೆ ಕಡಿಮೆ, ಆದ್ದರಿಂದ ಬೆಲೆ ಕಡಿಮೆ. ಎಥೆನಾಲ್ ಅಲ್ಲಿಯೂ ಇದೆ. ವ್ಯತ್ಯಾಸ ಲೀಟರಿಗೆ ಆರು ರೂಪಾಯಿ ಎಂದಿಟ್ಟುಕೊಳ್ಳಿ. ಎಂಟು ಲೀಟರಿಗೆ 48 ರೂಪಾಯಿ ಉಳಿತಾಯ. ಕಾರವಾರ ಪೇಟೆಯಿಂದ ಕಾಳಿ ಸೇತುವೆ, ಮಾಜಾಳಿ ದಾಟಿ ಗೋವಾ ಗಡಿಯ ಪೋಳೆಂ ಮುಟ್ಟಿ ಬರಲು ಇಪ್ಪತ್ತೈದರಿಂದ ಮೂವತ್ತು ಕಿಲೋಮೀಟರ್. ಅದಕ್ಕೇ ಅರ್ಧ ಲೀಟರ್ ಹತ್ತಿರ ಸುಟ್ಟಿತು. ಕೈಗೆ ಉಳಿಯುವುದು ಒಂದು ಚಹಾದ ಹಣವೂ ಅಲ್ಲ. ನಲವತ್ತು ಲೀಟರಿನ ಕಾರಿನವರಿಗೆ ಲೆಕ್ಕ ಹೊಂದಬಹುದು. ಬೇರೆ ಕೆಲಸಕ್ಕೆ ಆ ಕಡೆ ಹೋದಾಗ ತುಂಬಿಸಿಕೊಳ್ಳಿ, ಅದಕ್ಕೆಂದೇ ಹೋಗಬೇಡಿ. ಕ್ಯಾನಿನಲ್ಲಿ ತುಂಬಿ ತರುವುದಂತೂ ಬೆಂಕಿಯೊಡನೆ ಆಟ.

ಶಿರಸಿಯ ದಾರಿಗೆ ಬರೋಣ. ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ. ಗಾಡಿಯ ತೂಕ 112 ಕಿಲೋ, ನೀವಿಬ್ಬರು, ಮಾವನ ಮನೆಗೆ ಒಯ್ಯುವ ಚೀಲ, ಎಲ್ಲ ಸೇರಿ 250 ಕಿಲೋ ಆಗುತ್ತದೆ. ಇಷ್ಟನ್ನು ಅಷ್ಟು ಎತ್ತರಕ್ಕೆ ಎತ್ತಲು, ಎಂಜಿನ್ ಪೆಟ್ರೋಲಿನ ಶಕ್ತಿಯಲ್ಲಿ ಕಾಲುಭಾಗವನ್ನು ಚಕ್ರಕ್ಕೆ ತಲುಪಿಸುತ್ತದೆ ಎಂದು ಹಿಡಿದರೂ, 180 ಮಿಲಿಲೀಟರ್ ಹತ್ತಿರ ಹೆಚ್ಚುವರಿ ಪೆಟ್ರೋಲ್ ಬೇಕು. ದೀವಗಿ, ಕತಗಾಲ, ದೇವಿಮನೆ ಮೇಲಾಗಿ ಅಂಕೋಲಾದಿಂದ ಶಿರಸಿ 80 ಕಿಲೋಮೀಟರ್ ಎಂದುಕೊಂಡರೆ, ಸಮತಟ್ಟಿನಲ್ಲಿ 60 ಕೊಡುವ ಗಾಡಿ ಈ ಹತ್ತುವ ದಾರಿಯಲ್ಲಿ 53 ಕೊಟ್ಟರೆ ಅದು ಆರೋಗ್ಯವಾಗಿಯೇ ಇದೆ. ಹತ್ತುವಾಗ ನಾಲ್ಕನೇ ಗೇರಿನಲ್ಲಿ ಗೊರಗೊರ ಎನ್ನಿಸಿಕೊಂಡು ಹೋಗುವುದರಿಂದ ಉಳಿತಾಯವಿಲ್ಲ. ಎಂಜಿನ್ ನಡುಗುವ ಮೊದಲೇ ಮೂರಕ್ಕೆ, ಹೇರ್‌ಪಿನ್ ತಿರುವಿನಲ್ಲಿ ಎರಡಕ್ಕೆ ಇಳಿಸಿ.

ಇಳಿಯುವಾಗ ಎಂಜಿನ್ ಬಂದ್ ಮಾಡಿ, ನ್ಯೂಟ್ರಲ್ ಮಾಡಿ ಜಾರಿಬಿಡುವ ಚಾಳಿ ನಮ್ಮ ಘಟ್ಟಗಳಲ್ಲಿ ಹಳೆಯದು, ಅರಬೈಲಿನಲ್ಲೂ ನೋಡಿದ್ದೇನೆ, ಗೇರುಸೊಪ್ಪೆಯ ಕಡೆಯೂ ನೋಡಿದ್ದೇನೆ. ಕಾರ್ಬುರೇಟರ್ ಕಾಲದಲ್ಲಿ ಅದರಿಂದ ನಾಲ್ಕು ಹನಿ ಉಳಿಯುತ್ತಿತ್ತು. ನಿಮ್ಮ ಗಾಡಿಯಲ್ಲಿ ಗೇರ್ ಹಾಕಿಯೇ ಇದ್ದು ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಇಂಜೆಕ್ಟರ್ ತಾನಾಗಿ ಪೆಟ್ರೋಲ್ ನಿಲ್ಲಿಸುತ್ತದೆ. ನ್ಯೂಟ್ರಲ್ ಮಾಡಿ ಎಂಜಿನ್ ಓಡಿಸುತ್ತ ಇಳಿದರೇ ಖರ್ಚು ಹೆಚ್ಚು. ಮೂರನೇ ಗೇರಿನಲ್ಲಿ ಇಳಿಯಿರಿ, ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಇಬ್ಬರು ಕೂತ ಗಾಡಿಯ ಪೂರ್ತಿ ಭಾರವನ್ನು ಡ್ರಮ್ ಬ್ರೇಕಿನ ಮೇಲೆ ಹಾಕಿದರೆ ಅರ್ಧ ಘಟ್ಟ ಇಳಿಯುವಷ್ಟರಲ್ಲಿ ಅದು ಕಾದು ಹಿಡಿತ ಬಿಡುತ್ತದೆ.

ಆಯಿಲಿನ ಬಗ್ಗೆ ಎರಡು ಮಾತು. ಈ ಎಂಜಿನ್ನಿಗೆ 10ಡಬ್ಲ್ಯೂ30 ದಪ್ಪದ ಆಯಿಲ್, ಡಬ್ಬದ ಮೇಲೆ ಬೈಕಿನ ಕ್ಲಚ್ಚಿಗೆ ಹೊಂದುತ್ತದೆ ಎಂದು ಹೇಳುವ ಜಾಸೋ ಎಂಎ ಎಂಬ ಗುರುತಿರಬೇಕು. ಹಳೆಯ ಗಾಡಿಗೆ ದಪ್ಪ ಆಯಿಲ್ ಒಳ್ಳೆಯದು ಎಂದು 20ಡಬ್ಲ್ಯೂ50 ಸುರಿಯುವವರಿದ್ದಾರೆ. ಅದನ್ನು ಕಲಕುವುದಕ್ಕೇ ಪೆಟ್ರೋಲ್ ಖರ್ಚಾಗುತ್ತದೆ. ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರಬಹುದು, ಏಕೆಂದರೆ ಬೈಕಿನ ಕ್ಲಚ್ ಮುಳುಗಿರುವುದು ಅದೇ ಆಯಿಲಿನಲ್ಲಿ. ಏರ್ ಫಿಲ್ಟರ್ ಎಣ್ಣೆ ಸವರಿದ ಕಾಗದದ್ದಾದರೆ ಗಾಳಿ ಹೊಡೆದು ಶುಚಿ ಮಾಡುವುದಲ್ಲ, ಬದಲಿಸುವುದೇ. ಪ್ಲಗ್ ಬಿಸ್ಕತ್ತಿನ ಬಣ್ಣಕ್ಕಿದ್ದರೆ ಅದನ್ನು ಮುಟ್ಟಬೇಡಿ. ಮೀಟರಿನಲ್ಲಿ ಎಂಜಿನ್ನಿನ ಹಳದಿ ದೀಪ ಉರಿಯುತ್ತಿದ್ದರೆ ಮಾತ್ರ ಶೋರೂಮಿಗೆ ಹೋಗಿ ಸ್ಕ್ಯಾನ್ ಮಾಡಿಸಿ. ಉಪ್ಪುಗಾಳಿಗೆ ಸೆನ್ಸರಿನ ಪಿನ್ನುಗಳು ಹಸಿರುಗಟ್ಟುವುದು ನಮ್ಮ ಕಡೆ ಹೊಸದಲ್ಲ.

125ಕ್ಕೆ ಹೋಗುವ ವಿಚಾರವನ್ನು ಮೈಲೇಜಿನ ಹೆಸರಲ್ಲಿ ಮಾಡಬೇಡಿ. ದಿನಕ್ಕೆ 70 ಕಿಲೋಮೀಟರ್, ತಿಂಗಳಿಗೆ 25 ದಿನ ಎಂದರೆ 1750 ಕಿಲೋಮೀಟರ್. ಲೀಟರಿಗೆ 54ರಂತೆ 32 ಲೀಟರ್ ಚಿಲ್ಲರೆ, 64 ಆದರೆ 27 ಲೀಟರ್ ಚಿಲ್ಲರೆ. ಉಳಿಯುವುದು ಐದು ಲೀಟರ್, ಐನೂರು ರೂಪಾಯಿಯ ಆಸುಪಾಸು. ಅದನ್ನು ನಂಬಿ ಹೊಸ ಗಾಡಿಯ ಸಾಲದ ಕಂತು ಕಟ್ಟಲಾಗುವುದಿಲ್ಲ. ಹೆಂಡತಿಯೊಂದಿಗೆ ಘಟ್ಟ ಹತ್ತುವಾಗ ಎಳೆತ ಸಾಲದು, ಲಾರಿ ದಾಟಲು ಧೈರ್ಯ ಬರುವುದಿಲ್ಲ ಎನ್ನಿಸಿದರೆ ಅದು ಬೇರೆ ಮಾತು, ಆಗ 125 ತೆಗೆದುಕೊಳ್ಳುವುದು ನ್ಯಾಯವೇ. ಮನೆಯವರ ಒತ್ತಾಯಕ್ಕೆ ಕಾರಣ ಹಿಂದಿನ ಸೀಟಿನ ಅನುಭವವೂ ಇರಬಹುದು, ಒಮ್ಮೆ ಕೇಳಿ ನೋಡಿ.

ಚಕ್ರ, ಚೈನು, ಗಾಳಿ ಸರಿಮಾಡಿಸಿ, ಐವತ್ತರ ವೇಗದಲ್ಲಿ ಒಂದು ಟ್ಯಾಂಕ್ ಓಡಿಸಿ ಮತ್ತೆ ಅಳೆಯಿರಿ. ಮಳೆಗಾಲದಲ್ಲಿ 60 ದಾಟಿದರೆ ಗಾಡಿಯನ್ನು ಅದರ ಪಾಡಿಗೆ ಬಿಡಿ. ಆಗಲೂ 55ರ ಕೆಳಗೇ ಇದ್ದರೆ ಡಬಲ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಆಯಿಲ್ ಕಡ್ಡಿಯನ್ನು ಒರೆಸಿ, ತಿರುಪದೆ ಹಾಗೆಯೇ ಇಳಿಸಿ ಮಟ್ಟ ನೋಡಿ ಬರೆದಿಡಿ. ಸಾವಿರ ಕಿಲೋಮೀಟರ್ ಬಿಟ್ಟು ಮತ್ತೆ ನೋಡಿ. ಮಟ್ಟ ಎದ್ದು ಕಾಣುವಷ್ಟು ಇಳಿದಿದ್ದರೆ ಕಂಪ್ರೆಶನ್ ಗೇಜ್, ಅಂದರೆ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಮೀಟರು ಇರುವ ಗ್ಯಾರೇಜಿಗೆ ಹೋಗಿ. ಪ್ಲಗ್ಗಿನ ತೂತಿನಲ್ಲಿ ಗೇಜ್ ಕೂರಿಸಿ ಒಮ್ಮೆ ಅಳೆಯಲಿ, ಒಂದು ಚಮಚ ಆಯಿಲ್ ಬಿಟ್ಟು ಇನ್ನೊಮ್ಮೆ ಅಳೆಯಲಿ. ಮೊದಲ ಸಲ ಒತ್ತಡ ಕಡಿಮೆ ಬಂದು ಎರಡನೇ ಸಲ ಮುಳ್ಳು ಜಿಗಿದರೆ ರಿಂಗ್ ಸವೆದಿದೆ, ಬೋರ್ ಮಾಡಿಸಿ. ಜಿಗಿಯದಿದ್ದರೆ ತೊಂದರೆ ವಾಲ್ವಿನಲ್ಲಿದೆ. ಮೊದಲು ಟ್ಯಾಪೆಟ್, ಅಂದರೆ ವಾಲ್ವಿನ ಮೇಲಿರಬೇಕಾದ ಸಣ್ಣ ಸಂದು ನೋಡಿಸಿ, ಅದು ಬಿಗಿಯಾಗಿ ಕೂತಿದ್ದರೂ ಹೀಗೆಯೇ ಆಗುತ್ತದೆ. ಗೇಜ್ ಹಚ್ಚದೆ, ಕಿವಿಯಿಂದಲೇ ಕೇಳಿ ಬೋರ್ ಮಾಡಬೇಕು ಎನ್ನುವವರ ಕೈಗೆ ಸಿಲಿಂಡರ್ ಬಿಚ್ಚಲು ಕೊಡಬೇಡಿ.